ಕೂಲಿಗೆ ಬಂದ ಬಾತುಕೋಳಿಗಳು

ನಮಗೆ ಗೊತ್ತಿರುವ ವಿಷಯವನ್ನು ಯಾರೂ ಕಿವಿಗೊಡದ ಕಡೆ ಮಾತಾಡುವಷ್ಟು ಸುರಕ್ಷಿತವಾದ ಕೆಲಸ ಇನ್ನೊಂದಿಲ್ಲ. ನಾನು ಬಳ್ಳಾರಿಯ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವನು. ಕೃಷಿ ಪರಿಸರ ವಿಜ್ಞಾನವೆಂದರೆ ನನಗೆ ಪ್ರಾಣ. ಹೊಲವೆಂದರೆ ಕಾರ್ಖಾನೆಯಲ್ಲ, ಅದೊಂದು ತುಂಬಿದ ಸಂಸಾರ. ಅಲ್ಲಿ ಹುಳಕ್ಕೂ ಹುಲ್ಲಿಗೂ ಹಕ್ಕಿಗೂ ಒಂದೊಂದು ಪಾತ್ರವಿದೆ. ಆ ಸಂಬಂಧಗಳನ್ನು ಉಳಿಸಿಕೊಂಡರೆ ರೈತನಿಗೆ ಔಷಧಿ ಡಬ್ಬಿಯ ಹಂಗು ಇರುವುದಿಲ್ಲ ಎಂದು ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದೇನೆ. ಹಿಂದಿನ ಬೆಂಚಿನವರು ಸುಖವಾಗಿ ನಿದ್ದೆ ಮಾಡಿದರು. ಮುಂದಿನ ಬೆಂಚಿನವರು ಇದು ಪರೀಕ್ಷೆಗೆ ಬರುತ್ತದೆಯೇ ಎಂದು ಕೇಳಿ, ಇಲ್ಲವೆಂದಾಗ ಪೆನ್ನು ಮುಚ್ಚಿದರು. ಮನೆಯಲ್ಲಿ ನನ್ನ ಹೆಂಡತಿ ಗಿರಿಜಾ ರೊಟ್ಟಿ ತಟ್ಟುತ್ತ ಹೂಂ ಹೂಂ ಎನ್ನುತ್ತಿದ್ದಳು. ನಾನು ಮಾತು ನಿಲ್ಲಿಸಿದ ಮೇಲೂ ಆ ಹೂಂಗುಟ್ಟುವಿಕೆ ಸ್ವಲ್ಪ ಹೊತ್ತು ಮುಂದುವರಿಯುತ್ತಿತ್ತು. ನಮ್ಮ ಗಾಂಧಿನಗರದ ಮನೆಯ ತುಳಸಿ ನನ್ನ ಆರೈಕೆಯಲ್ಲಿ ಒಣಗಿದ ದಿನದಿಂದ ಕುಂಡಗಳಿಗೆ ನೀರು ಹಾಕುವ ಅಧಿಕಾರವೂ ನನಗಿಲ್ಲ. ಹೀಗೆ ನನ್ನ ವಿಜ್ಞಾನದಿಂದ ಯಾರಿಗೂ ತೊಂದರೆಯಾಗದೆ ಕಾಲ ನಡೆದಿತ್ತು.

ಹೋದ ಮಳೆಗಾಲದಲ್ಲಿ ಗಿರಿಜಾಳ ತಮ್ಮ ವೀರೇಶ ನನ್ನ ಮಾತನ್ನು ಕೇಳಿಬಿಟ್ಟ. ಅವನದು ಸಿರುಗುಪ್ಪ ತಾಲೂಕಿನ ಕೆಂಚನಗುಡ್ಡದಲ್ಲಿ ಹೊಳೆಗೆ ಹತ್ತಿರದ ಗದ್ದೆ. ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಕಳೆ ತೆಗೆಯಲು ಆಳು ಸಿಗುವುದಿಲ್ಲ, ಔಷಧಿ ಹೊಡೆದು ಹೊಡೆದು ಕೈಯೆಲ್ಲ ಉರಿ ಎಂದು ಗೋಳು ತೋಡಿಕೊಂಡ. ನಾನು ಬಾಯಿ ಮುಚ್ಚಿಕೊಂಡು ಉಣ್ಣಬಹುದಿತ್ತು. "ಗದ್ದಿಗೆ ಬಾತುಕೋಳಿ ಬಿಡು" ಎಂದೆ. ಅವು ಕಳೆ ತಿನ್ನುತ್ತವೆ, ಹುಳ ತಿನ್ನುತ್ತವೆ, ಪಾದದಿಂದ ಕೆಸರು ಕಲಕಿ ಬೇರಿಗೆ ಗಾಳಿಯಾಡಿಸುತ್ತವೆ, ಹೋಗುತ್ತ ಹೋಗುತ್ತ ಗೊಬ್ಬರವನ್ನೂ ಹಾಕುತ್ತವೆ ಎಂದು ವಿವರಿಸುವಷ್ಟರಲ್ಲಿ ನನ್ನ ತಟ್ಟೆಯ ಅನ್ನ ಆರಿಹೋಯಿತು.

"ಮಾಮಾ, ನಮ್ಮದು ಲಿಂಗ ಕಟ್ಟಿದ ಮನಿ. ಬಾತುಕೋಳಿ ಸಾಕಿದ್ರ ಊರಾಗ ಏನಂತಾರ?" ಎಂದ ವೀರೇಶ.

"ತಿನ್ನಾಕ ಅಲ್ಲಪಾ, ದುಡಿಯಾಕ. ಎತ್ತು ಸಾಕ್ತೀಯಲ್ಲ, ಹಂಗ ಇವೂ" ಎಂದೆ. ಅವನಿಗೆ ಈ ತರ್ಕ ಹಿಡಿಸಿತು. ನನಗಂತೂ ಎಷ್ಟು ಹಿಡಿಸಿತೆಂದರೆ ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ನಮ್ಮ ಕಡೆ ಕೊಯ್ಲಾದ ಗದ್ದೆಗಳಿಗೆ ಆಂಧ್ರದ ಕಡೆಯಿಂದ ಬಾತುಕೋಳಿ ಹಿಂಡು ಹೊಡೆದುಕೊಂಡು ಬರುವವರಿದ್ದಾರೆ. ಅಂಥ ವೆಂಕಟಸ್ವಾಮಿ ಎಂಬಾತನಿಂದ ವೀರೇಶ ಒಂದು ಬುಟ್ಟಿ ಮರಿ ತಂದ. ತಂದದ್ದು ಮಾತ್ರ ಗದ್ದೆಗಲ್ಲ, ನಮ್ಮ ಮನೆಗೆ! ನಾಟಿ ಬೇರು ಹಿಡಿಯುವತನಕ ಮರಿಗಳನ್ನು ಬೆಚ್ಚಗಿಡಬೇಕೆಂದು ಹೇಳಿದವನು ನಾನೇ ಅಲ್ಲವೆ? "ವಿಜ್ಞಾನ ಗೊತ್ತಿದ್ದವರ ಮನ್ಯಾಗ ಇದ್ರ ಛಲೋ" ಎಂದು ಬಚ್ಚಲಮನೆಯಲ್ಲಿ ಬುಟ್ಟಿ ಇಟ್ಟು ಬಸ್ಸು ಹತ್ತಿದ. ಗಿರಿಜಾ ಬುಟ್ಟಿಯನ್ನೂ ನೋಡಿದಳು, ನನ್ನನ್ನೂ ನೋಡಿದಳು. "ಪೂಜಿ ಮಾಡೋ ಮನ್ಯಾಗ ಇವೇನ್ರಿ? ಇವ್ರ ಜೋಡಿ ನೀವೂ ಬಚ್ಚಲದಾಗ ಇದ್ದುಬಿಡ್ರಿ, ಊಟ ಅಲ್ಲಿಗೇ ಕೊಡ್ತೀನಿ" ಎಂದಳು.

ಆದರೆ ಮರಿಗಳು ಹಸಿದು ಚೀಂವ್‌ಗುಟ್ಟಿದಾಗ ತೌಡು ಕಲಸಿ ಇಟ್ಟವಳು ಅವಳೇ. ತೌಡು ಕೊಟ್ಟವಳೇ ತಾಯಿ ಎಂದು ಅವು ತೀರ್ಮಾನಿಸಿದವು. ಅವಳು ಬಟ್ಟೆ ಒಣಹಾಕಲು ಹೋದರೆ ಹಿಂದೆ ಸಾಲು, ಗೇಟಿನ ಬಳಿ ಸೊಪ್ಪು ಕೊಳ್ಳಲು ಹೋದರೆ ಹಿಂದೆ ಸಾಲು. ಸೊಪ್ಪಿನವಳು, "ಏನ್ರಿ ಅಕ್ಕಾರ, ಮೆರವಣಿಗಿ ಹೊಂಟೈತಿ?" ಎಂದು ನಗುತ್ತಿದ್ದಳು. ಗಿರಿಜಾ ಬೈಯುತ್ತಲೇ ಹೆಸರಿಟ್ಟಳು. ದುಂಡಗಿದ್ದದ್ದು ಗುಂಡವ್ವ, ಸದಾ ಹಿಂದುಳಿಯುವುದು ಸೋಮಾರಿ, ಎಲ್ಲದಕ್ಕೂ ಮುಂದೆ ನುಗ್ಗುವುದು ಗೌಡ. ನಾನೂ ಕೈಯಲ್ಲಿ ತೌಡು ಹಿಡಿದು ಅಂಗಳದಲ್ಲಿ ನಡೆದು ನೋಡಿದೆ. ಒಂದೂ ಹಿಂದೆ ಬರಲಿಲ್ಲ. ತರಗತಿಯಲ್ಲೂ ನನಗೆ ಆಗುವುದು ಇಷ್ಟೇ, ಹಾಗಾಗಿ ಅಷ್ಟೇನೂ ಬೇಸರವಾಗಲಿಲ್ಲ.

ಗದ್ದೆಗೆ ಇಳಿದ ಮೇಲೆ ಅವು ಮಾಡಿದ ಕೆಲಸ ನೋಡಿ ನನ್ನ ವಿಜ್ಞಾನದ ಮೇಲೆ ನನಗೇ ನಂಬಿಕೆ ಬಂತು. ಪೈರಿನ ಸಾಲುಗಳ ನಡುವೆ ಕೊಕ್ಕು ಹಾಕುತ್ತ, ಕೆಸರು ಕಲಕುತ್ತ, ದಿನವೆಲ್ಲ ಒಂದೇ ಗದ್ದಲ. ಔಷಧಿ ಅಂಗಡಿಯವನು ವೀರೇಶನನ್ನು ಕಂಡು, ಏನಪ್ಪ ಈಚೆಗೆ ಮುಖಾನೇ ಇಲ್ಲ, ಆರಾಮಿದ್ದೀಯಾ ಎಂದು ವಿಚಾರಿಸಿದನಂತೆ. ಗದ್ದೆಯ ಸುತ್ತ ಕಟ್ಟಿದ್ದ ಬಲೆ ಸರಿಸಿ ಅವು ಪಕ್ಕದ ಗದ್ದೆಗೂ ನುಗ್ಗಿದವು. ಆ ಗದ್ದೆಯ ಯಜಮಾನರು ಮೊದಲ ದಿನ ಬದುವಿನ ಮೇಲೆ ನಿಂತು ಊರಿಗೆ ಕೇಳುವಂತೆ ಬೈದರು. ವಾರ ಕಳೆದ ಮೇಲೆ ಅವರೇ ಬಂದು, "ಏನ್ ವೀರೇಶಪ್ಪ, ನಿಮ್ಮ ಕೂಲಿಯವರು ಇವತ್ತು ನಮ್ಮ ಕಡಿ ಬರಲೇ ಇಲ್ಲ?" ಎಂದು ಕೇಳಿದರಂತೆ. ಇದನ್ನು ನಾನು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಎಷ್ಟು ಸಲ ಹೇಳಿದೆನೆಂದರೆ, ಕೊನೆಗೆ ನಾನು ಬಾಯಿ ತೆರೆದ ಕೂಡಲೇ ಇತಿಹಾಸದ ಮೇಷ್ಟ್ರು ಚಹಾಕ್ಕೆ ಎದ್ದು ಹೋಗತೊಡಗಿದರು.

ಒಂದು ದಿನ ವೀರೇಶನ ಫೋನು ಬಂತು. "ಮಾಮಾ, ತೆನಿ ಬಿಚ್ಚಾಕತ್ತೈತಿ. ಇನ್ನ ಇವನ್ನ ಗದ್ದ್ಯಾಗ ಬಿಟ್ರ ನೆಲ್ಲು ತಿಂದು ಹಾಕ್ತಾವ. ಹೊರಗ ತೆಗೀಬೇಕು. ಮುಂದ ಏನ್ ಮಾಡ್ಬೇಕು?"

ಪುಸ್ತಕ ತೆರೆದೆ. ನನ್ನ ಬಳಿಯಿದ್ದ ಪುಸ್ತಕಗಳೆಲ್ಲ ಬಾತುಕೋಳಿಗಳ ಕಳೆ, ಕೆಸರು, ಗೊಬ್ಬರದ ಬಗ್ಗೆ ಪುಟಗಟ್ಟಲೆ ಹೇಳಿ, ಈ ಒಂದು ಪ್ರಶ್ನೆಗೆ ಬಂದಾಗ ಮಾರಿ ಲಾಭ ಮಾಡಿಕೊಳ್ಳಿ ಎಂದು ಒಂದೇ ಸಾಲಿನಲ್ಲಿ ಕೈತೊಳೆದುಕೊಂಡಿದ್ದವು. ಬರೆದವರ ಮನೆಯಲ್ಲಿ ಗಿರಿಜಾ ಇರಲಿಲ್ಲವೆಂದು ಕಾಣುತ್ತದೆ.

ಮರುದಿನ ನಾವಿಬ್ಬರೂ ಕೆಂಚನಗುಡ್ಡಕ್ಕೆ ಹೋದೆವು. ಬದುವಿನ ಮೇಲೆ ವೆಂಕಟಸ್ವಾಮಿ ಆಗಲೇ ಬಂದು ಕೂತಿದ್ದ. "ಮಂಚಿ ರೇಟು ಇಸ್ತಾನು ಸಾರೂ, ಒಳ್ಳೆ ರೇಟು ಕೊಡ್ತೀನಿ. ಹೋಟೆಲ್‌ನವರು ಕಾಯ್ತಾ ಅವ್ರೆ" ಎಂದ. ಬಾತುಕೋಳಿಗಳು ಗಿರಿಜಾಳನ್ನು ಕಂಡದ್ದೇ ನೀರಿನಿಂದೆದ್ದು ಓಡೋಡಿ ಬಂದವು. ಗೌಡ ಮುಂದೆ, ಸೋಮಾರಿ ಕೊನೆಗೆ. ಅವಳ ಸೀರೆಯ ಅಂಚಿಗೆಲ್ಲ ಕೆಸರು.

"ಹೋಟೆಲ್‌ಗಾ?" ಎಂದಳು ಗಿರಿಜಾ.

ನಾನು ಗಂಟಲು ಸರಿಮಾಡಿಕೊಂಡು, ಇದೂ ಆಹಾರ ಸರಪಳಿಯ ಒಂದು ಹಂತವೇ ಎಂದು ಶುರುಮಾಡಿದೆ.

"ನೀವ್ ಸುಮ್ಕಿರ್ರಿ!" ಎಂದಳು. ಅವಳ ಕಣ್ಣು ತುಂಬಿತ್ತು. "ಎತ್ತಿನಂಗ ದುಡಿಯಾಕ ಅಂದವ್ರು ನೀವ. ಮಳಿ ಚಳಿ ಅನ್ನದ ದುಡಿಸ್ಕೊಂಡು, ಕೆಲಸ ಮುಗಿದ ಕೂಡ್ಲೇ ಕೊಯ್ಯೋರ ಕೈಗೆ ಕೊಡೋದಾ? ನನ್ನ ಕೈಯಾಗ ಉಂಡಾವ್ರಿ ಇವು." ನನಗೆ ನಿಜವಾಗಿ ಸಂಕಟವಾಯಿತು. ವೀರೇಶ ಇಕ್ಕಟ್ಟಿಗೆ ಸಿಕ್ಕಿದ್ದ. ಅವನ ಬೆಳೆಯೂ ಉಳಿಯಬೇಕು, ಅಕ್ಕನ ಮಕ್ಕಳಂಥ ಇವೂ ಉಳಿಯಬೇಕು. ವೆಂಕಟಸ್ವಾಮಿಯೊಬ್ಬ ಮಾತ್ರ ಸಮಾಧಾನವಾಗಿ ಎಲೆ ಅಡಿಕೆ ಹಾಕಿಕೊಂಡ.

ಗಿರಿಜಾ ಕಣ್ಣೊರೆಸಿಕೊಂಡು, ಕುರುಗೋಡಿನ ಕಡೆ ಗದ್ದೆಯಿರುವ ತನ್ನ ದೊಡ್ಡಪ್ಪನ ಮಗಳು ಶಾಂತಕ್ಕನಿಗೆ ಫೋನು ಹಚ್ಚಿದಳು. "ಯಕ್ಕಾ, ನಿಮ್ಮದು ಕಾಲುವಿ ಕೊನೀಗ ಐತಲ್ಲ, ನೀರು ತಡಾ ಬರತೈತಿ ಅಂತಿದ್ದಿ. ನಾಟಿ ಈಗ ಆಗೈತೇನು? ಕಳೀ ತಗ್ಯಾಕ ಆಳು ಕಳಸ್ಲಾ?" ಸರಿ, ಅಂದೇ ಸಂಜೆ ಆಳುಗಳು ಟಂಟಂ ಆಟೋ ಹತ್ತಿದರು. ನೀರು ಮೊದಲು ಸಿಗುವ ಗದ್ದೆಯಲ್ಲಿ ತೆನೆ ಬರುವ ಹೊತ್ತಿಗೆ ಕಾಲುವೆಯ ಕೊನೆಭಾಗದಲ್ಲಿ ಪೈರು ಇನ್ನೂ ಎಳೆಯದು ಎಂಬುದು ನನಗೂ ಗೊತ್ತಿತ್ತು. ಒಂದನ್ನು ಇನ್ನೊಂದಕ್ಕೆ ಜೋಡಿಸಲು ಮಾತ್ರ ಹೊಳೆದಿರಲಿಲ್ಲ. ಅಲ್ಲಿಂದ ಮುಂದೆ ಗಿರಿಜಾ ಮೇಸ್ತ್ರಿಯಾದಳು. ಶಾಂತಕ್ಕನ ಗದ್ದೆ ಮುಗಿದರೆ ಅವಳ ನಾದಿನಿಯದು, ಅದಾದ ಮೇಲೆ ಎರಡನೆಯ ಬೆಳೆಗೆ ಮತ್ತೆ ಕೆಂಚನಗುಡ್ಡ. ನಮ್ಮ ಮನೆಯ ಫೋನು ಯಾವಾಗ ಹೊಡೆದುಕೊಂಡರೂ ಬಾತುಕೋಳಿ ಬೇಕೆಂದೇ. ನನಗೆ ಬಂದ ಕರೆಗಳನ್ನೂ ಅವಳೇ ಎತ್ತಿ, "ಸಾರ್ ಅದಾರ, ಆದ್ರ ಅವ್ರಿಗೆ ಇದೆಲ್ಲ ತಿಳಿಯಂಗಿಲ್ಲ" ಎನ್ನುತ್ತಿದ್ದಳು.

ಬೇಸಿಗೆ ಬಂತು. ಕಾಲುವೆಗೆ ನೀರು ನಿಲ್ಲಿಸಿದರು. ಕೊನೆಯೂ ಇಲ್ಲ, ಮೊದಲೂ ಇಲ್ಲ, ಎಲ್ಲೆಲ್ಲೂ ಒಣ ಗದ್ದೆ. ಬಾತುಕೋಳಿಗಳು ಟಂಟಂನಲ್ಲಿ ನೇರವಾಗಿ ಗಾಂಧಿನಗರಕ್ಕೆ ಬಂದಿಳಿದವು. ಈಗ ಅವು ಬುಟ್ಟಿಯಲ್ಲಿ ಹಿಡಿಸುವ ಮರಿಗಳಲ್ಲ, ಹಿತ್ತಲೆಲ್ಲ ಅವುಗಳದೇ. ಹೊರಗೆ ಬಳ್ಳಾರಿಯ ಬಿಸಿಲು ಧಗಧಗ, ನಲ್ಲಿ ನೀರು ಬರುವ ದಿನವನ್ನು ಕಾದು ಕೂರುವ ಪರಿಸ್ಥಿತಿ, ಅಂಥದ್ದರಲ್ಲಿ ಗಿರಿಜಾ ದೊಡ್ಡ ತೊಟ್ಟಿ ತುಂಬಿಸಿ ಅವುಗಳನ್ನು ಈಜಲು ಬಿಟ್ಟಿದ್ದಳು. ಅಕ್ಕಪಕ್ಕದವರು ಗೋಡೆಯ ಮೇಲಿಂದ ಇಣುಕುತ್ತಿದ್ದರು.

ಮೊನ್ನೆ ಮಧ್ಯಾಹ್ನ, ಹೊಟ್ಟೆ ತುಂಬ ಉಂಡು ಫ್ಯಾನಿನ ಕೆಳಗೆ ಮೈಚಾಚಿದ್ದವನು ಸೆಕೆ ತಡೆಯಲಾರದೆ ಬಾಯಿಬಿಟ್ಟೆ. "ನೋಡು ಗಿರಿಜಾ, ಮಳಿಗಾಲದ ತನಕ ಕೆಲಸಿಲ್ದ ಕುಂತು ತಿನ್ನೋವನ್ನ ಸಾಕೋದಂದ್ರ ಯಾವ ವಿಜ್ಞಾನಾನೂ ಒಪ್ಪಂಗಿಲ್ಲ. ಆ ವೆಂಕಟಸ್ವಾಮಿಗೆ ಒಂದು ಮಾತು ಹೇಳಿದ್ರ ಹೆಂಗ?"

ಅವಳು ತೌಡು ಕಲಸುವುದನ್ನು ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ಪ್ರತಿ ವರ್ಷ ಬ್ಯಾಸಗಿ ರಜಾ ಬಂದಾಗ ನೀವೂ ಕೆಲಸಿಲ್ದ ಮನ್ಯಾಗ ಕುಂತು ಉಣ್ತೀರಿ. ನಿಮ್ಮನ್ನ ನಾನು ಯಾರಿಗರ ಕೊಟ್ಟೀನೇನು?"

ನಾನು ಎದ್ದೆ. ಹಿತ್ತಲಿಗೆ ಹೋಗಿ ತೊಟ್ಟಿಗೆ ಇನ್ನೊಂದು ಕೊಡ ನೀರು ಸುರಿದೆ.