ಒಳಗೆಳೆದ ಉಸಿರನ್ನು ‘ಹೌದು’ ಎಂದು ಪರಿಗಣಿಸುವ ಬಗ್ಗೆ

ಇಂದ:
ಸಿಲ್ವಾನೊ ಮುಗರುರ,
ಸಂಶೋಧನಾ ವಿದ್ಯಾರ್ಥಿ (ಅರ್ಧ ವರ್ಷ ಅಲ್ಲಿ, ಅರ್ಧ ವರ್ಷ ಇಲ್ಲಿ),
ಬಾಳೆ ಸೊರಗು ರೋಗ ಅಧ್ಯಯನ ಘಟಕ,
ಎಂಬರಾರಾ, ಉಗಾಂಡ.

ಗೆ:
ಮಾನ್ಯ ಸಂಯೋಜಕರು,
ಸ್ವೀಡನ್–ಆಫ್ರಿಕಾ ವಿಶ್ವವಿದ್ಯಾಲಯಗಳ ಜಂಟಿ ಸಂಶೋಧನಾ ಕಚೇರಿ,
ಕಂಪಾಲಾ.

ವಿಷಯ: ಯೋಜನೆಯ ಅವಧಿಯಲ್ಲಿ ಅರ್ಜಿದಾರನಿಗೆ ಅಂಟಿಕೊಂಡ ಒಂದು ಸದ್ದಿನ ಅರ್ಥವನ್ನು ದೃಢೀಕರಿಸಿ, ನಿಂತುಹೋಗಿರುವ ಮದುವೆಯನ್ನು ಮುಂದುವರಿಸಲು ಅನುವು ಮಾಡಿಕೊಡುವ ಕುರಿತು.

ಉಲ್ಲೇಖ: ೧) ಎರಡೂ ವಿಶ್ವವಿದ್ಯಾಲಯಗಳ ಒಡಂಬಡಿಕೆಯಲ್ಲಿನ ‘ಪರಸ್ಪರ ಕಲಿಕೆ’ ಎಂಬ ಕಲಮು.
೨) ಮಾವನವರಾಗಬೇಕಿದ್ದ ಶ್ರೀ ಕರುಹಂಗ ಅವರ ಮೌಖಿಕ ಆದೇಶ.

ಮಾನ್ಯರೇ,

‘ನಾನು’ ಎಂದು ಬರೆದಾಗಲೆಲ್ಲ ಅರ್ಜಿಯು ಪ್ರೇಮಪತ್ರದಂತೆ ಕಾಣುತ್ತಿರುವ ಕಾರಣ, ಈ ಪತ್ರದುದ್ದಕ್ಕೂ ‘ಅರ್ಜಿದಾರ’ ಎಂದೇ ನಮೂದಿಸಲಾಗಿದೆ. ಮನ್ನಿಸಬೇಕು.

೧. ಅರ್ಜಿದಾರನು ಎಂಬರಾರಾ ಸೀಮೆಯ ಬಾಳೆತೋಟಗಳ ನಡುವೆ ಹುಟ್ಟಿ ಬೆಳೆದವನಾಗಿದ್ದು, ಬಾಳೆಯ ಸೊರಗು ರೋಗದ ಮೇಲೆ ಡಾಕ್ಟರೇಟ್ ಮಾಡಲು ಜಂಟಿ ಯೋಜನೆಯಡಿ ಆಯ್ಕೆಯಾದನು. ನಿಯಮದಂತೆ ವರ್ಷದ ಅರ್ಧ ಊರಿನಲ್ಲೂ ಉಳಿದರ್ಧ ಉತ್ತರ ಸ್ವೀಡನ್ನಿನಲ್ಲೂ ಇರತಕ್ಕದ್ದು. ಆ ಭಾಗದಲ್ಲಿ ಒಂದೇ ಒಂದು ಬಾಳೆಗಿಡವೂ ಬೆಳೆಯುವುದಿಲ್ಲ. ಆದ ಕಾರಣ ಅಲ್ಲಿ ಬಾಳೆಯ ರೋಗವನ್ನು ಯಾವ ಪಕ್ಷಪಾತವೂ ಇಲ್ಲದೆ ಅಭ್ಯಾಸ ಮಾಡಬಹುದೆಂದು ಅರ್ಜಿದಾರನಿಗೆ ತಿಳಿಸಲಾಯಿತು.

೨. ಅಲ್ಲಿನ ಮಾರ್ಗದರ್ಶಕರಾದ ಪ್ರೊ. ಟೋರ್ನಿ ಲಿಂಡ್‌ವಾಲ್ ಅವರು ಸಜ್ಜನರು. ಮೊದಲ ಭೇಟಿಯಲ್ಲಿ ಅರ್ಜಿದಾರನು, “ಸರ್, ನನ್ನ ಅಧ್ಯಾಯ ಓದಿದ್ರಾ?” ಎಂದು ಕೇಳಿದನು. ಪ್ರೊಫೆಸರರು ಕಿಟಕಿಯಾಚೆಯ ಹಿಮ ನೋಡುತ್ತ, ಬಿಸಿ ರಾಗಿ ಗಂಜಿ ಹೀರಿದವರ ಹಾಗೆ ತುಟಿ ಚೂಪು ಮಾಡಿ, “ಶ್ಶುಪ್” ಎಂದು ಉಸಿರು ಒಳಗೆಳೆದುಕೊಂಡರು. ಎದೆನೋವಿರಬಹುದೆಂದು ಗಾಬರಿಬಿದ್ದ ಅರ್ಜಿದಾರನು ಓಡಿಹೋಗಿ ನೀರು ತಂದುಕೊಟ್ಟನು.

“ಚೆನ್ನಾಗಿದೆಯಾ ಸರ್?”

“ಶ್ಶುಪ್.”

ಮತ್ತೆ ನೀರು ತರಲಾಯಿತು. ಕೊನೆಗೆ ಪ್ರೊಫೆಸರರು ಲೋಟವನ್ನು ಪಕ್ಕಕ್ಕಿಟ್ಟು, “ನನಗೆ ಬಾಯಾರಿಕೆ ಇಲ್ಲಪ್ಪ. ನಾನು ಹೌದು ಅಂತಿದೀನಿ” ಎಂದರು. ಆ ಚಳಿಸೀಮೆಯವರು ಬಾಯಿಯ ಬಿಸಿಯನ್ನು ಹೊರಗೆ ಬಿಡಲು ಮನಸ್ಸಿಲ್ಲದೆ, ‘ಹೌದು’ ಎನ್ನುವುದನ್ನು ಉಸಿರಿನ ಜೊತೆ ಒಳಕ್ಕೇ ಎಳೆದುಕೊಳ್ಳುತ್ತಾರೆಂಬುದು ಆಗ ತಿಳಿಯಿತು.

೩. ಇತ್ತ ಅರ್ಜಿದಾರನು, ನಮ್ಮ ಕಡೆ ಎಲ್ಲರೂ ಮಾಡುವಂತೆ, ‘ಹೌದು’ ಎನ್ನಲು ಹುಬ್ಬು ಮೇಲೆತ್ತುತ್ತಿದ್ದನು. “ನಾನು ಏನು ಕೇಳಿದ್ರೂ ಯಾಕೆ ಹಾಗೆ ಆಶ್ಚರ್ಯಪಡ್ತೀಯ?” ಎಂದು ಪ್ರೊಫೆಸರರು ನೊಂದುಕೊಂಡರು. ಒಂದಿಡೀ ಚಳಿಗಾಲ ಇಬ್ಬರೂ ಒಬ್ಬರಿಗೊಬ್ಬರು ‘ಹೌದು’ ಎನ್ನುತ್ತಲೇ ಇದ್ದು, ಕೆಲಸ ಮಾತ್ರ ಇದ್ದಲ್ಲೇ ನಿಂತಿತು. ಆದ್ದರಿಂದ ಅರ್ಜಿದಾರನು ಉಲ್ಲೇಖ (೧)ರ ಕಲಮಿಗೆ ತಲೆಬಾಗಿ ಆ ಸದ್ದನ್ನು ಕಲಿತನು. ಪ್ರೊಫೆಸರರು ಹುಬ್ಬೆತ್ತುವುದನ್ನು ಕಲಿಯಲಿಲ್ಲ. ಕಲಿಕೆ ಪರಸ್ಪರವಾಗಿತ್ತೇ ಎಂಬುದನ್ನು ಕಚೇರಿಯು ಬಿಡುವಾದಾಗ ಪರಿಶೀಲಿಸಬಹುದು. ಇದು ದೂರಲ್ಲ.

೪. ಇಷ್ಟಕ್ಕೇ ಮುಗಿದಿದ್ದರೆ ತಮಗೆ ತೊಂದರೆ ಕೊಡುತ್ತಿರಲಿಲ್ಲ. ಕಾಲೇಜಿನ ದಿನಗಳಿಂದಲೂ ಅರ್ಜಿದಾರನು ಮನಸ್ಸಿಟ್ಟಿದ್ದ ಕುಮಾರಿ ಕೊಬುರುಂಗಿ ಅವರು ಈಗ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತದ ಟೀಚರು. ಅರ್ಜಿದಾರನು ಊರಿಗೆ ಮರಳಿದ ಕೂಡಲೇ ಅವರ ಮನೆಯಲ್ಲಿ ಹೆಣ್ಣು ಒಪ್ಪಿಸುವ ಶಾಸ್ತ್ರ ನಿಗದಿಯಾಯಿತು. ಚಪ್ಪರ ಹಾಕಿಸಿ, ವಧುದಕ್ಷಿಣೆಯ ಹಸುಗಳನ್ನು ಹೊಡೆದುಕೊಂಡು ಹೋಗಲಾಯಿತು. ಎರಡೂ ಕಡೆಯ ಮಾತುಗಾರರು ಎದುರುಬದುರು ಕೂತು ಪದ್ಧತಿಯಂತೆ ಒಬ್ಬರನ್ನೊಬ್ಬರು ಹಂಗಿಸಿಕೊಂಡರು. ಮುಸುಕು ಹಾಕಿದ ಬೇರೆ ಬೇರೆ ಹುಡುಗಿಯರನ್ನು ಕರೆತಂದು ತೋರಿಸಿ, ನಕ್ಕು, ವಾಪಸು ಕಳಿಸಿದ್ದಾಯಿತು. ಕೊನೆಗೆ ಹೆಣ್ಣಿನ ಸೋದರತ್ತೆ ಕೈಹಿಡಿದು ತಂದವಳ ಮುಸುಕು ಎತ್ತಿದರೆ, ಕೊಬುರುಂಗಿ.

“ಇವಳೇ ಏನಪ್ಪಾ ನೀನು ಹುಡುಕ್ಕೊಂಡು ಬಂದ ಹುಡುಗಿ?” ಎಂದು ಹೆಣ್ಣಿನ ಕಡೆಯ ಮಾತುಗಾರ ಕೇಳಿದನು.

ಅರ್ಧ ವರ್ಷ ಕಾಣದೇ ಇದ್ದ ಮುಖ. ಹೇಳಬೇಕಾದ್ದು ಎದೆತುಂಬ ಇತ್ತು. ಬಂದದ್ದು ಮಾತ್ರ “ಶ್ಶುಪ್.”

ಡೋಲು ಬಾರಿಸುವವನು ಎತ್ತಿದ ಕೈಯನ್ನು ಎತ್ತಿದಲ್ಲೇ ನಿಲ್ಲಿಸಿದನು.

“ಅಯ್ಯೋ, ನಮ್ಮ ಹುಡುಗಿ ಮುಖ ನೋಡಿ ಬೆಚ್ಚಿಬಿದ್ದ!” ಎಂದಳು ಸೋದರತ್ತೆ.

“ಏನು, ನಮ್ಮ ಹುಡುಗಿ ಅಷ್ಟು ಖಾರನಾ? ನೋಡಿದ್ರೇ ನಾಲಿಗೆ ಸುಡ್ತಾ?” ಎಂದನು ಮಾತುಗಾರ. “ಇನ್ನೊಂದು ಸಲ ಕೇಳ್ತೀನಿ. ಇವಳೇನಾ?”

ಹೆದರಿಕೆಯಾದಾಗ ಅಭ್ಯಾಸದ್ದೇ ಮೇಲುಗೈ ಆಗುವ ಕಾರಣ, “ಶ್ಶುಪ್, ಶ್ಶುಪ್” ಎಂದು ಬಂತು.

“ನೋಡ್ರಪ್ಪಾ! ಒಂದು ಸಲ ಸಾಲದು ಅಂತ ಇನ್ನೊಂದು ಸಲ ಬೇರೆ!” ಎಂದು ಮಾತುಗಾರ ಜನರತ್ತ ತಿರುಗಿದನು.

ಯಾರೋ ಬೆನ್ನಿಗೆ ಗುದ್ದಿದರು. ಯಾರೋ ನೆತ್ತಿಗೆ ನೀರು ತಟ್ಟಿದರು. ಅರ್ಜಿದಾರನ ಕಡೆ ಮಾತಾಡಲು ಬಂದಿದ್ದ ಚಿಕ್ಕಪ್ಪನು, “ಹುಡುಗ ತುಂಬ ಓದಿದಾನೆ, ಸೆಬೊ, ಸ್ವಾಮಿ. ಓದಿದೋರ ಉಸಿರಾಟವೇ ಬೇರೆ” ಎಂದು ಸಾವರಿಸಲು ನೋಡಿದನು. “ಹಾಗಾದ್ರೆ ಓದೋದು ನಿಲ್ಲಿಸಿ, ಮೊದಲು ಉಸಿರಾಡೋದು ಕಲೀಲಿ” ಎಂದು ಆ ಕಡೆಯಿಂದ ಉತ್ತರ ಬಂತು. ಎಲ್ಲರೂ ನಕ್ಕರು. ಕೊಬುರುಂಗಿ ನಗಲಿಲ್ಲ. ತಾನೇ ಮುಸುಕು ಎಳೆದುಕೊಂಡು ಒಳಗೆ ಹೋದಳು.

೫. ಕ್ಷೇತ್ರಕಾರ್ಯಕ್ಕೆಂದು ಪ್ರೊ. ಲಿಂಡ್‌ವಾಲ್ ಅವರು ಅಷ್ಟರಲ್ಲೇ ಎಂಬರಾರಾಕ್ಕೆ ಬಂದಿದ್ದರು. ಅರ್ಜಿದಾರನು ಅವರನ್ನೇ ಸಾಕ್ಷಿಯಾಗಿ ಕರೆದುಕೊಂಡು ಹೆಣ್ಣಿನ ಮನೆಗೆ ಹೋದನು. ಕೊಬುರುಂಗಿಯ ತಂದೆ ಶ್ರೀ ಕರುಹಂಗ ಅವರು ಕೋರ್ಟಿನಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಕೈ ಮುಂದೆ ಮಾಡಿದ ಪ್ರೊಫೆಸರರನ್ನು ಕೂರಲು ಬಿಡದೆ, ಕುರ್ಚಿಯ ಬೆನ್ನು ಹಿಡಿದು ನಿಲ್ಲಲು ಹೇಳಿದರು.

“ತಮ್ಮ ಹೆಸರು ಟೋರ್ನಿ ಲಿಂಡ್‌ವಾಲ್. ಹೌದೋ, ಅಲ್ಲವೋ?”

“ಶ್ಶುಪ್.”

“ಅಯ್ಯಯ್ಯೋ, ಇವರಿಗೂ ಇದೆ!” ಎಂದು ಸೋದರತ್ತೆ ಮಕ್ಕಳನ್ನೆಲ್ಲ ಹೊರಗೆ ಕಳಿಸಿದಳು. “ಬಾಳೆಗಿಡದಿಂದಲೇ ಹತ್ತಿರಬೇಕು.”

“ಈ ಹುಡುಗನಿಗೆ ಇದನ್ನ ಹತ್ತಿಸಿದ್ದು ತಾವೇನಾ?” ಎಂದು ಶ್ರೀ ಕರುಹಂಗ ಅವರು ವಿಚಾರಣೆ ಮುಂದುವರಿಸಿದರು.

“ಶ್ಶುಪ್.”

“ಬಾಯಿ ಬಿಟ್ಟು ಹೇಳಿ, ಸೆಬೊ! ಈ ಸದ್ದಿಗೆ ಅರ್ಥ ಹೌದು ಅಂತಲೋ, ಅಲ್ಲ ಅಂತಲೋ?”

ಅರ್ಜಿದಾರನ ಬಾಳು ಆ ಒಂದು ಉತ್ತರದ ಮೇಲೆ ನಿಂತಿತ್ತು. ಪ್ರೊಫೆಸರರು ಒಬ್ಬರೇ ಯಾವ ತೀರ್ಮಾನವನ್ನೂ ತೆಗೆದುಕೊಳ್ಳುವವರಲ್ಲ. ಬಹಳ ಹೊತ್ತು ಯೋಚಿಸಿ, “ವಿಭಾಗದಲ್ಲಿ ಎಲ್ಲರ ಜೊತೆ ಚರ್ಚಿಸಿ ತಿಳಿಸ್ತೇನೆ” ಎಂದರು.

ಶ್ರೀ ಕರುಹಂಗ ಅವರು ಎದ್ದು ನಿಂತು ಆದೇಶ ಹೊರಡಿಸಿದರು: “ಈ ಸದ್ದು ಹೌದು ಅಂತ ನಿಮ್ಮ ದೊಡ್ಡ ಕಚೇರಿಯಿಂದ ಸೀಲು ಒತ್ತಿದ ಕಾಗದ ಬರಲಿ. ಬರೆದ ಅರ್ಜಿ ಮೊದಲು ನನಗೆ ತೋರಿಸು. ಅಲ್ಲೀವರೆಗೆ ಮದುವೆ ಇಲ್ಲ. ಹಸುಗಳು ತಾತ್ಕಾಲಿಕವಾಗಿ ಇಲ್ಲೇ ಇರ್ತವೆ.”

೬. ಮರುದಿನ ಅರ್ಜಿದಾರನು ಕೊಬುರುಂಗಿಗೆ ಫೋನು ಮಾಡಿದನು.

“ಊರಿನೋರೆಲ್ಲರ ಮುಂದೆ ನಿಲ್ಲಿಸಿ ಇವಳೇನಾ ಅಂತ ಕೇಳಿದ್ರೆ, ಮೆಣಸಿನಕಾಯಿ ಕಚ್ಚಿದ ಮೇಕೆ ಥರ ಮಾಡ್ತೀಯಲ್ಲೋ!”

“ಅದು ಹೌದು ಅಂತ ಕಣೇ.”

“ಹೌದು ಅನ್ನೋದನ್ನ ಹೊರಗೆ ಬಿಡಬೇಕು, ಸಿಲ್ವಾನೊ. ನೀನು ನುಂಗಿಬಿಟ್ಟೆ.”

ಅರ್ಜಿದಾರನು, “ಕಾಗದ ಬರೋ ತನಕ ಕಾಯ್ತೀಯಾ?” ಎಂದು ಕೇಳಿದನು. ಆ ಕಡೆಯಿಂದ ಬಂದದ್ದು ಉಸಿರು ಒಳಗೆಳೆದುಕೊಂಡ ಒಂದು ಸಣ್ಣ ಸದ್ದು. “ಅಳ್ತಿದೀಯಾ?” ಎಂದನು. ಮತ್ತೆ ಅದೇ ಸದ್ದು. ಅಷ್ಟರಲ್ಲಿ ಫೋನು ಕಡಿದುಹೋಯಿತು. ಮೊದಲನೆಯದು ಒಪ್ಪಿಗೆಯೋ, ಬಿಕ್ಕಳಿಕೆಯೋ? ಎರಡನೆಯದು? ಬಾಳೆಯ ರೋಗವನ್ನು ಎಲೆಯ ಬಣ್ಣ ನೋಡಿ ಹೇಳಬಲ್ಲ ಅರ್ಜಿದಾರನಿಗೆ ಇದು ಬಗೆಹರಿಯಲಿಲ್ಲ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದಾಗಿ, ಸದರಿ ಸದ್ದು ‘ಹೌದು’ ಎಂಬುದಕ್ಕೆ ಸಮಾನವೆಂದು ಸೀಲು ಸಹಿತ ದೃಢೀಕರಿಸಬೇಕಾಗಿಯೂ, ಇನ್ನು ಮುಂದೆ ಈ ಯೋಜನೆಯಡಿ ಹೋಗುವ ಮದುವೆಯಾಗದ ಹುಡುಗರಿಗೆ ಮುಂಚಿತವಾಗಿ ಎಚ್ಚರಿಕೆ ಕೊಡಬೇಕಾಗಿಯೂ ಕೋರಲಾಗಿದೆ. ಉತ್ತರವನ್ನು ಬರಹದಲ್ಲೇ ನೀಡಬೇಕು. ಸ್ವೀಡನ್ ಕಡೆಯ ಅಧಿಕಾರಿಗಳು ಫೋನಿನಲ್ಲಿ ಒಪ್ಪಿಗೆ ಕೊಟ್ಟರೆ ಲೈನು ಸರಿಯಿಲ್ಲವೆಂದು ತಿಳಿದು ಇಲ್ಲಿನವರು ಇಟ್ಟುಬಿಡುತ್ತಾರೆ.

ತಮ್ಮ ವಿಶ್ವಾಸಿ, ಎರಡೂ ಕಡೆ ಅರ್ಧರ್ಧ ಇರುವ,
ಸಿಲ್ವಾನೊ ಮುಗರುರ

ಅಡಕಗಳು:
೧) ಸದ್ದಿನ ಧ್ವನಿಮುದ್ರಣ. (ಖಾಲಿಯೆಂದು ತಿಳಿದು ಅಳಿಸಬಾರದು.)
೨) ಪ್ರೊ. ಲಿಂಡ್‌ವಾಲ್ ಅವರ ಹೇಳಿಕೆ. (ವಿಭಾಗದ ಚರ್ಚೆ ಇನ್ನೂ ಮುಗಿಯದ ಕಾರಣ ಸಹಿ ಇಲ್ಲ.)
೩) ಅರ್ಜಿದಾರನಿಗೆ ದಮ್ಮಿಲ್ಲ ಎಂಬ ಬಗ್ಗೆ ವೈದ್ಯರ ಪ್ರಮಾಣಪತ್ರ.

ಶ್ರೀ ಕರುಹಂಗ ಅವರ ಷರಾ: ಓದಿದೆ. ಭಾಷೆ ಕ್ರಮಬದ್ಧವಾಗಿದೆ. ರವಾನಿಸಬಹುದು.

ಅದರ ಕೆಳಗೆ, ಬೇರೆ ಕೈಬರಹದಲ್ಲಿ: ಅಪ್ಪನ ಮೇಜಿನ ಮೇಲಿದ್ದಾಗ ಓದಿದೆ. ಮೊದಲನೇ ಸದ್ದು ಹೌದು. ಅಳ್ತಿದ್ದದ್ದೂ ಹೌದು. ದಯವಿಟ್ಟು ಬೇಗ ಸೀಲು ಒತ್ತಿ ಕಳಿಸಿ. ಹಸುಗಳಿಗೆಲ್ಲ ಅಪ್ಪ ಆಗಲೇ ಹೆಸರಿಟ್ಟುಬಿಟ್ಟಿದ್ದಾರೆ. — ಕೊಬುರುಂಗಿ