ಸ್ಟುಡಿಯೋ ಯಜಮಾನರ ಜಲಪಾತ

“ನಿಜವಾದ್ದೂ ಹೀಗೇ ಇದೆಯಾ?”

ಖಾಲಿ ಸ್ಟುಡಿಯೋದಲ್ಲಿ ಯಜಮಾನರು ಯಾರನ್ನೂ ಉದ್ದೇಶಿಸದೆ ಕೇಳಿದರು. ಎದುರಿಗೆ, ಫೋಟೋಗಳ ಹಿನ್ನೆಲೆಗೆಂದು ತೂಗುಹಾಕಿದ ಬಟ್ಟೆಯ ಪರದೆಯ ಮೇಲೆ ರಾಷ್ಟ್ರೀಯ ಉದ್ಯಾನದ ಹೆಸರಾಂತ ಜಲಪಾತ ಧುಮ್ಮಿಕ್ಕುತ್ತಿತ್ತು. ನೋಡಿ ಬಂದವರ ಬಾಯಿಂದ ಕೇಳಿ, ತಾವು ಕಾಣದೆಯೇ ಬಣ್ಣದಲ್ಲಿ ಬರೆದದ್ದು. ಊರಿನ ಅರ್ಧ ಜನ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದ್ದರು.

ಪಕ್ಕದಂಗಡಿಯ ಕ್ಷೌರಿಕ ಇಣುಕಿದ. “ಕಾಣದ್ದನ್ನ ಬರೆದ್ರೆ ಹೀಗೇ ಅಣ್ಣಾ. ಅದು ಜಲಪಾತವೋ, ಒಣಗಲು ಹಾಕಿದ ಹೊದಿಕೆಯೋ!”

ಮಾತು ಮುಳ್ಳಿನಂತೆ ನಾಟಿತು. ಬೀದಿಯ ಅಂಗಡಿಯವರೆಲ್ಲ ಬಸ್ಸು ಮಾಡಿಕೊಂಡು ಉದ್ಯಾನಕ್ಕೆ ಹೊರಟಾಗ ಯಜಮಾನರು ಪರದೆಯನ್ನೂ ಸುತ್ತಿ ಹೆಗಲಿಗೇರಿಸಿದರು. “ಎರಡನ್ನೂ ಪಕ್ಕಪಕ್ಕ ಇಟ್ಟು ನನ್ನ ಕಣ್ಣಾರೆ ನೋಡಬೇಕು!”

ಮೇಲೆ ತಲುಪಿದರೆ ಬರೀ ಮಂಜು. ಬೆಟ್ಟ, ಕಣಿವೆ, ನೀರು ಎಲ್ಲವನ್ನೂ ದಿಂಬಿನೊಳಗೆ ತುರುಕಿ ಹೊಲಿದಂತಿತ್ತು. ಸದ್ದೊಂದೇ ಕೇಳುತ್ತಿತ್ತು.

“ಇಷ್ಟು ದೂರ ಬಂದು ಒಂದು ಫೋಟೋನೂ ಇಲ್ವಾ?” ಕ್ಷೌರಿಕ ಗೊಣಗಿದ.

“ಅದಕ್ಕೇನಂತೆ? ರೀ, ಬಿಚ್ಚಿ ಪರದೆ!” ಎಂದರು ಯಜಮಾನರ ಹೆಂಡತಿ.

ಅಂಚಿನ ಕಂಬಿಯ ಹತ್ತಿರ ಗಾಳಿಗೆ ಪರದೆ ಉಬ್ಬಿ ಯಜಮಾನರನ್ನೇ ಹಾರಿಸಿಕೊಂಡು ಹೋಗುವಂತಾಯಿತು. ಕೊನೆಗೆ ಅವರು ಟಿಕೆಟ್ ಮನೆಯ ಗೋಡೆಗೆ ಬೆನ್ನು ಕೊಟ್ಟು, ಸ್ಟೂಲಿನ ಮೇಲೆ ನಿಂತು, ಪರದೆಯ ಕೋಲನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆತ್ತಿ ಹಿಡಿದರು. ಮುಂದೆ ಒಬ್ಬರದೊಬ್ಬರು ಫೋಟೋ ತೆಗೆದುಕೊಳ್ಳುವವರ ಸಾಲು ಬೆಳೆಯಿತು. ಬೇರೆ ಬಸ್ಸಿನವರೂ ಬಂದು ಸೇರಿಕೊಂಡರು.

ಅಷ್ಟರಲ್ಲಿ ಕೂಗು ಎದ್ದಿತು: “ಮಂಜು ಸರೀತು! ನೋಡ್ರೋ!”

ಯಜಮಾನರು ಕತ್ತು ಚಾಚಿದರು. ಆದರೆ ಅವರ ಮೂಗಿಗೂ ದೇವರ ಜಲಪಾತಕ್ಕೂ ನಡುವೆ ಅವರದೇ ಜಲಪಾತ ಅಡ್ಡ ನಿಂತಿತ್ತು. ಅದೂ ಅದರ ಬೆನ್ನು. ಬಣ್ಣವಿಲ್ಲದ ಒರಟು ಬಟ್ಟೆ.

ದಡದಡ ಓಡಿದ ಹೆಜ್ಜೆಗಳು ಸ್ವಲ್ಪ ಹೊತ್ತಿಗೆ ಮರಳಿದವು.

“ಚೆನ್ನಾಗೇನೋ ಇದೆ. ಆದ್ರೆ ನಮ್ಮ ಅಣ್ಣನ ಪರದೇಲಿ ನೀರು ಜಾಸ್ತಿ,” ಎಂದಿತು ಒಂದು ದನಿ. ಬೇರೆ ಯಾರೂ ಅಲ್ಲ, ಕ್ಷೌರಿಕ! “ನಂದು ಇಲ್ಲೇ ಇನ್ನೊಂದು ತೆಗೀರಪ್ಪಾ.”

ಯಜಮಾನರಿಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿಯಿತು. ಸೃಷ್ಟಿ ಮಾಡಿದವನ ಎದುರೇ ಗೆದ್ದೆನಲ್ಲ ಎಂದು ಬೀಗಿ, ಮರುಗಳಿಗೆಯೇ ‘ತಪ್ಪಾಯಿತು ತಂದೆ’ ಎಂದು ಮನಸ್ಸಿನಲ್ಲೇ ಕೈಮುಗಿದರು. ಮುಗಿಯಲು ನಿಜವಾದ ಕೈಗಳು ಬಿಡುವಾಗಿರಲಿಲ್ಲ.

“ಲೇ, ಒಂದೇ ನಿಮಿಷ ಇದನ್ನ ಹಿಡ್ಕೋ. ಮತ್ತೆ ಮಂಜು ಕವಿಯೋದ್ರೊಳಗೆ ನಾನೂ ನೋಡಿ ಬಂದ್ಬಿಡ್ತೀನಿ!”

ಪರದೆಯಾಚೆ ಬಳೆಗಳ ಸದ್ದಾಯಿತು. ಹೆಂಡತಿ ಮುಂಗುರುಳು ಸರಿಪಡಿಸಿಕೊಳ್ಳುತ್ತಿದ್ದರು.

“ಮದುವೆ ಆದಾಗಿಂದ ಕಂಡೋರಿಗೆಲ್ಲ ಫೋಟೋ ತೆಗೆದ್ರಿ. ನನ್ನ ಒಂದಿನ ಬಾ, ನಿಂತ್ಕೋ ಅಂದ್ರಾ? ಈಗ ನನ್ನ ಸರದಿ ಬಂದಿದೆ. ಹಿಡ್ಕೊಳ್ಳಲ್ಲ ಅಂದ್ರೆ ಹಿಡ್ಕೊಳ್ಳಲ್ಲ!”