ಮುಳ್ಳಪ್ಪನ ಕೈಚಳಕವೂ ಹಳೇ ಬಂಗಲೆಯ ಗಡಿಯಾರವೂ

"ಈ ಶನಿವಾರ ನಾನು ಸ್ಕ್ರೂಡ್ರೈವರ್ ಮುಟ್ಟಿದರೆ ಕೇಳು! ಬರೀ ಕಲೆ, ಸಂಗೀತ, ಇತಿಹಾಸ!" ಎಂದು ಮುಳ್ಳಪ್ಪ ಎದೆ ತಟ್ಟಿಕೊಂಡು ಘೋಷಿಸಿದ. ಅವನ ಹೆಂಡತಿ ಅಷ್ಟಕ್ಕೆಲ್ಲ ಮರುಳಾಗುವವಳಲ್ಲ.

"ಮೊದಲು ಕಣ್ಣಿಗೆ ಸಿಕ್ಕಿಸಿಕೊಂಡಿರೋ ಆ ಭೂತಗನ್ನಡಿ ತೆಗೀರಿ. ಆಮೇಲೆ ಘೋಷಣೆ ಮಾಡುವಿರಂತೆ."

ಮುಳ್ಳಪ್ಪ ಎಂಬುದು ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಬೀರುವಿನಷ್ಟಗಲದ ಅಂಗಡಿಯಲ್ಲಿ ಕೂತು ಗಡಿಯಾರ ರಿಪೇರಿ ಮಾಡುತ್ತಿದ್ದುದರಿಂದ ಬೀದಿಯವರು ಇಟ್ಟದ್ದು. ಗಡಿಯಾರದ ಮುಳ್ಳಿನ ಜೊತೆ ಬಾಳುವವನು ಎಂದು ಇಟ್ಟರೋ, ಹೋದಲ್ಲೆಲ್ಲ ಚುಚ್ಚಿಕೊಳ್ಳುತ್ತಾನೆ ಎಂದು ಇಟ್ಟರೋ, ವಿಚಾರಿಸುವ ಧೈರ್ಯ ಅವನಿಗಿರಲಿಲ್ಲ.

ಘೋಷಣೆಗೆ ಕಾರಣವಿತ್ತು. ಊರಿನ ಹಳೇ ಬಂಗಲೆಯಲ್ಲಿ ವಾರಾಂತ್ಯವೆಂದರೆ ಜಾತ್ರೆ. ಮೇಲಿನ ಮಹಡಿಯಲ್ಲಿ ಊರಿನ ಕಲಾವಿದರ ಚಿತ್ರಗಳು, ಅಂಗಳದಲ್ಲಿ ಜಾಝ್ ಸಂಗೀತ, ನಡುನಡುವೆ ಬಂಗಲೆಯ ಕೋಣೆಕೋಣೆ ತೋರಿಸಿ ಕಥೆ ಹೇಳುವ ಗೈಡು. ಆ ಗೈಡಿನ ಕೆಲಸ ಮುಳ್ಳಪ್ಪನ ಹೆಂಡತಿಗೆ ಪರೀಕ್ಷಾರ್ಥವಾಗಿ ಸಿಕ್ಕಿತ್ತು. ಶನಿವಾರ ಮೂರು ಗಂಟೆಗೊಂದು ತಂಡ, ಐದು ಗಂಟೆಗೊಂದು ತಂಡ. ಮೇಲ್ವಿಚಾರಕಿ ಜೊತೆಗೇ ನಡೆದು ನೋಡುತ್ತಾರೆ. ಅವರಿಗೆ ಒಪ್ಪಿಗೆಯಾದರೆ ಕೆಲಸ ಖಾಯಂ! ಮಕ್ಕಳು ಮರಿ ಎಂದು ಇಪ್ಪತ್ತು ವರ್ಷ ಕಳೆದವಳು ತನಗಾಗಿ ಆಸೆಪಟ್ಟ ಮೊದಲ ಕೆಲಸ ಅದು. ಒಂದು ತಿಂಗಳಿಂದ ಒಗ್ಗರಣೆ ಹಾಕುವಾಗಲೂ ಬಟ್ಟೆ ಮಡಿಸುವಾಗಲೂ ಬಾಯಿಪಾಠ ಮಾಡುತ್ತಿದ್ದಳು. ಮುಳ್ಳಪ್ಪ ಗಡಿಯಾರದೊಳಗೆ ಮುಖ ಹುದುಗಿಸಿ "ಹೂಂ, ಹೂಂ" ಎನ್ನುತ್ತಿದ್ದ. ಅಷ್ಟೂ ಪಾಠದಲ್ಲಿ ಅವನ ಕಿವಿಗೆ ಬಿದ್ದದ್ದು ಒಂದೇ ವಾಕ್ಯ: "ಹಜಾರದ ದೊಡ್ಡ ಗಡಿಯಾರ ನಿಂತು ನೂರಾ ಹನ್ನೊಂದು ವರ್ಷವಾಯಿತು."

ಪಾಪ, ಗಡಿಯಾರ ನಿಂತಿತೆಂದು ಎಷ್ಟು ಕೊರಗುತ್ತಿದ್ದಾಳೆ ಎಂದುಕೊಂಡ ಮುಳ್ಳಪ್ಪ.

ಶನಿವಾರ ಮಧ್ಯಾಹ್ನ ಗರಿಗರಿ ಇಸ್ತ್ರಿ ಅಂಗಿಯಲ್ಲಿ ಅವನ ಸವಾರಿ ಬಂಗಲೆಗೆ ಚಿತ್ತೈಸಿತು. ಮೊದಲು ಮಹಡಿಗೆ ಹೋದ. ಅಲ್ಲೊಂದು ಚಿತ್ರ ಎಡಕ್ಕೆ ವಾಲಿತ್ತು. ಸ್ಕ್ರೂಡ್ರೈವರ್ ಮುಟ್ಟುವುದಿಲ್ಲ ಎಂದಿದ್ದನೇ ಹೊರತು ಕೈ ಮುಟ್ಟುವುದಿಲ್ಲ ಎಂದಿರಲಿಲ್ಲವಲ್ಲ! ನೆಟ್ಟಗೆ ಮಾಡಿದ. ಬಿಟ್ಟ ಬಾಣದಂತೆ ಕಲಾವಿದ ಓಡಿಬಂದ.

"ರೀ ಸ್ವಾಮಿ! ಆ ಚಿತ್ರದ ಹೆಸರೇ 'ವಾಲಿದ ಊರು'!"

"ಓಹೋ... ನಾನು ಮೊಳೆ ಸಡಿಲವೇನೋ ಅಂದ್ಕೊಂಡೆ."

"ಸಡಿಲ ಆಗಿರೋದು ಮೊಳೆಯಲ್ಲ ಬಿಡಿ," ಎಂದ ಕಲಾವಿದ.

ಅಂಗಳಕ್ಕೆ ಇಳಿದರೆ ಜಾಝ್ ತಂಡದ ತಾಲೀಮು ನಡೆದಿತ್ತು. ಸ್ಯಾಕ್ಸೊಫೋನ್ ಮುಳ್ಳಪ್ಪನಿಗೆ ಹಿಡಿಸಿತು. ಡ್ರಮ್ ಮಾತ್ರ ಕುಂಟುತ್ತಿತ್ತು. ಟಿಕ್, ಟಕ್ಕಟಾಕ್, ಒಂದು ಖಾಲಿ, ಮತ್ತೆ ಟಿಕ್. ಗಡಿಯಾರ ಹೀಗೆ ಕುಂಟಿದರೆ ನಿಂತ ಜಾಗ ಸಮತಟ್ಟಿಲ್ಲ ಎಂದೇ ಅರ್ಥ! ಟಿಕೆಟ್ಟನ್ನು ನಾಲ್ಕಾಗಿ ಮಡಚಿ, ತಗ್ಗಿಕೊಂಡು ಹೋಗಿ ಡ್ರಮ್ಮಿನ ಕಾಲ ಕೆಳಗೆ ತುರುಕಿದ.

"ಏನ್ ಮಾಡ್ತಿದೀರಿ ಅಂಕಲ್?" ಎಂದ ಡ್ರಮ್ ಬಾರಿಸುವವನು.

"ತಾಳ ಕುಂಟ್ತಾ ಇತ್ತಪ್ಪ. ಈಗ ಬಾರಿಸು, ಸರಿಹೋಗತ್ತೆ."

"ಅದು ಕುಂಟೋದಲ್ಲ ಅಂಕಲ್. ಅದೇ ಜಾಝ್!"

ಸುದ್ದಿ ಹೆಂಡತಿಗೆ ಮುಟ್ಟಿತು. ಬಂದವಳೇ ಹಲ್ಲು ಕಚ್ಚಿ ಪಿಸುಗುಟ್ಟಿದಳು: "ನಿಮ್ಮ ದಮ್ಮಯ್ಯ, ಇನ್ನೊಂದು ಗಂಟೆ ಎರಡೂ ಕೈ ಜೇಬಲ್ಲಿಟ್ಕೊಂಡು ಕೂತಿರಿ!"

ಹೇಳಿದ ಹಾಗೇ ಕೇಳಿದ. ಹಜಾರದಲ್ಲಿ ಕೂತು ಎರಡೂ ಕೈ ಜೇಬಿಗೆ ಹಾಕಿದ. ಜೇಬಿನಲ್ಲಿ ಸ್ಕ್ರೂಡ್ರೈವರ್ ಇತ್ತು, ಎಣ್ಣೆಯ ಪುಟ್ಟ ಶೀಶೆಯಿತ್ತು. ಎದುರಿಗೆ ಆಳೆತ್ತರದ ಗಡಿಯಾರ, ನಾಲ್ಕು ಗಂಟೆ ಹತ್ತು ನಿಮಿಷ ತೋರಿಸುತ್ತ ತೆಪ್ಪಗೆ ನಿಂತಿತ್ತು. ಹೆಂಡತಿ ತಂಡವನ್ನು ಕರೆತರಲು ಗೇಟಿಗೆ ಹೋಗಿದ್ದಳು. ಅವಳ ಕೊರಗು ನೀಗಿಸಲು ಇದಕ್ಕಿಂತ ಒಳ್ಳೆಯ ಮುಹೂರ್ತ ಉಂಟೇ? ಸುತ್ತ ಅಡ್ಡಗಟ್ಟಿದ್ದ ಹಗ್ಗ ದಾಟಿ, ಗಡಿಯಾರದ ಬಾಗಿಲು ತೆಗೆದು, ಎಣ್ಣೆ ಬಿಟ್ಟು, ಕೀಲಿ ಕೊಟ್ಟು, ಲೋಲಕವನ್ನು ಮೆಲ್ಲಗೆ ತಳ್ಳಿದ. ಗಡಿಯಾರ ಕೆಮ್ಮಿತು, ಗೊರಗೊರ ಎಂದಿತು, ಓಡಿಯೇಬಿಟ್ಟಿತು! ಮುಳ್ಳಪ್ಪನಿಗೆ ಕಣ್ಣು ತುಂಬಿ ಬಂತು. ಬಾಗಿಲು ಮುಚ್ಚಿ, ಏನೂ ತಿಳಿಯದವನಂತೆ ಮೂಲೆಗೆ ಸರಿದ.

ತಂಡ ಒಳಬಂತು, ಹಿಂದೆಯೇ ಮೇಲ್ವಿಚಾರಕಿ. ಹೆಂಡತಿ ಗಡಿಯಾರಕ್ಕೆ ಬೆನ್ನು ಹಾಕಿ ನಿಂತು ಕಂಠ ತಗ್ಗಿಸಿದಳು.

"ಈ ಮನೆಯ ಯಜಮಾನರ ಉಸಿರು ನಿಂತ ಗಳಿಗೆಯಲ್ಲೇ ಈ ಗಡಿಯಾರವೂ ತಾನಾಗಿ ನಿಂತಿತು. ಇದನ್ನು ಯಾರೂ ಮುಟ್ಟಕೂಡದು ಅಂತ ಅವರ ಹೆಂಡತಿ ಅಪ್ಪಣೆ ಮಾಡಿದರು. ನೂರಾ ಹನ್ನೊಂದು ವರ್ಷದಿಂದ ಈ ಹಜಾರದಲ್ಲಿ ಮೌನ. ಒಂದು ನಿಮಿಷ ಆ ಮೌನವನ್ನ ಆಲಿಸಿ..."

ಟಿಕ್. ಟಾಕ್. ಟಿಕ್. ಟಾಕ್.

ಯಾರೋ ಕಿಸಕ್ಕೆಂದರು. ಹೆಂಡತಿ ತಿರುಗಿ ನೋಡುವುದಕ್ಕೂ ಗಡಿಯಾರ ಗಂಟೆ ಹೊಡೆಯುವುದಕ್ಕೂ ಸರಿಹೋಯಿತು. ನೂರು ವರ್ಷದ ಬಾಕಿಯೆಲ್ಲ ತೀರಿಸುವ ಹಾಗೆ ಢಣ್ ಢಣ್ ಎಂದು ಹದಿನೇಳು ಸಲ ಹೊಡೆಯಿತು! ತಂಡದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೆಂಡತಿ ಮೂಲೆಯತ್ತ ನೋಡಿದಳು. ಮುಳ್ಳಪ್ಪನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಐದು ಗಂಟೆಗೆ ಮುಂದಿನ ತಂಡ," ಎಂದರು ಮೇಲ್ವಿಚಾರಕಿ, ತಂಡ ಹೊರಟ ಮೇಲೆ. "ಅಷ್ಟರಲ್ಲಿ ಇದು ನಿಂತಿರಬೇಕು. ಇಲ್ಲಾಂದ್ರೆ ಖಾಯಂ ಅನ್ನೋ ಮಾತೇ ಎತ್ತಬೇಡಿ."

"ಕೇಳಿಸ್ತಾ?" ಎಂದಳು ಹೆಂಡತಿ. "ಕೆಲಸದಲ್ಲಿ ನಾನು ನಿಲ್ಲಬೇಕು ಅಂದ್ರೆ ಗಡಿಯಾರ ನಿಲ್ಲಬೇಕು. ಅದು ನಡೆದರೆ, ನಾನೂ ಮನೆಗೆ ನಡೆಯೋದೇ!"

ಅದೇನು ಮಹಾ ಎಂದು ಮುಳ್ಳಪ್ಪ ಲೋಲಕ ಹಿಡಿದು ನಿಲ್ಲಿಸಿದ. ನಿಂತಿತು. ಅಷ್ಟರಲ್ಲಿ ಅಂಗಳದಲ್ಲಿ ಜಾಝ್ ಶುರುವಾಯಿತು. ಡ್ರಮ್ಮಿನ ಏಟಿಗೆ ಹಲಗೆಯ ನೆಲ ನಡುಗಿತು, ಲೋಲಕ ಅಲುಗಿತು, ಮತ್ತೆ ಟಿಕ್ ಟಾಕ್! ಮೂರು ಸಲ ಹಿಡಿದ, ಮೂರು ಸಲವೂ ಹೊರಟಿತು.

"ದಾರ ಹಾಕಿ ಕಟ್ಟಿಬಿಡಲಾ?"

"ಗಾಜಿನ ಬಾಗಿಲು ರೀ! ದುಃಖ ತಡೀಲಾರದೆ ನಿಂತ ಗಡಿಯಾರವನ್ನ ಕಳ್ಳನ ಹಾಗೆ ಕಟ್ಟಿಹಾಕಿ ತೋರಿಸಲಾ?"

ಸರಿ, ಕೆಡಿಸಿಯೇಬಿಡೋಣ ಎಂದು ಕೂತ. ಒಂದು ತಿರುಪು ಸಡಿಲಿಸಿದ. ಗಡಿಯಾರದ ಗೊರಗೊರ ನಿಂತು ದನಿ ಇಂಪಾಯಿತು. ಒಂದು ಹಲ್ಲಿನ ಚಕ್ರವನ್ನು ಪಕ್ಕಕ್ಕೆ ತಳ್ಳಿ, ಮುಳ್ಳನ್ನು ಹಿಂದಕ್ಕೆ ತಿರುಗಿಸಿದ. ಹದಿನೇಳು ಹೊಡೆದದ್ದು ಈಗ ಲೆಕ್ಕ ತಪ್ಪದೆ ನಾಲ್ಕೇ ಹೊಡೆಯಿತು. ಕೆಡಿಸಲು ಕೈ ಹಾಕಿದ್ದೆಲ್ಲ ಸರಿಯಾಗುತ್ತ ಹೋಗಿ, ಐದಕ್ಕೆ ಹತ್ತು ನಿಮಿಷವಿದೆ ಎನ್ನುವಾಗ ಗಡಿಯಾರ ಹೊಸ ಮದುಮಗನಂತೆ ಲವಲವಿಕೆಯಿಂದ ಓಡುತ್ತಿತ್ತು.

"ಆಗ್ತಿಲ್ಲ ಕಣೇ," ಎಂದ ಬೆವರೊರೆಸಿಕೊಂಡು. "ಈ ಕೈ ಕೆಡಿಸೋದನ್ನ ಕಲಿತೇ ಇಲ್ಲ!"

ಹೆಂಡತಿ ಅತ್ತೇಬಿಟ್ಟಳು. ಒಂದು ತಿಂಗಳ ಬಾಯಿಪಾಠ, ಹೊಸದಾಗಿ ಹೊಲಿಸಿದ ರವಿಕೆ, ಎಲ್ಲ ನೀರುಪಾಲು! ಗಂಡನನ್ನೇ ದಿಟ್ಟಿಸಿದಳು. ಏನೋ ಹೊಳೆದಂತೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಕೆಡಿಸೋದು ಬಿಟ್ಬಿಡಿ ರೀ. ಎಲ್ಲಾ ಮರೆತು, ಅಂಗಡಿಗೆ ಬಂದಿರೋ ಗಡಿಯಾರ ಅಂದ್ಕೊಳ್ಳಿ. ಮನಸ್ಸಿಟ್ಟು ರಿಪೇರಿ ಮಾಡಿ."

"ರಿಪೇರಿನಾ? ಓಡ್ತಾ ಇರೋದನ್ನ?"

"ಇನ್ನೂ ಚೆನ್ನಾಗಿ ಓಡೋ ಹಾಗೆ. ನಿಮ್ಮ ಕೈಯಲ್ಲಿ ಆಗದ್ದು ಏನಿದೆ!"

ಮದುವೆಯಾದಂದಿನಿಂದ ಇಂಥ ಮಾತು ಕೇಳಿರದ ಮುಳ್ಳಪ್ಪ ಉಬ್ಬಿಹೋದ. ಭೂತಗನ್ನಡಿ ಏರಿಸಿದ. ಕಲಿತ ವಿದ್ಯೆಯನ್ನೆಲ್ಲ ಧಾರೆಯೆರೆದು ಬಿಚ್ಚಿದ, ಒರೆಸಿದ, ಬಿಗಿದ, ಊದಿದ.

"ನೋಡ್ತಿರು! ಇನ್ನು ಹತ್ತು ವರ್ಷ ಗ್ಯಾರಂಟಿ!" ಎಂದು ಲೋಲಕ ತಳ್ಳಿದ.

ಟಿಕ್. ಟಾಕ್. ಟಿ...

ಅಷ್ಟೇ. ತಳ್ಳಿದರೂ ಇಲ್ಲ, ತಟ್ಟಿದರೂ ಇಲ್ಲ. ಹೊರಗೆ ಡ್ರಮ್ಮಿನವನು ಒಬ್ಬನೇ ಕುಣಿಕುಣಿದು ಬಾರಿಸಿದ. ಕಿಟಕಿಯ ಗಾಜೆಲ್ಲ ಗದಗುಟ್ಟಿತು. ಗಡಿಯಾರ ಕಮಕ್ ಕಿಮಕ್ ಎನ್ನಲಿಲ್ಲ. ಹೆಂಡತಿ ಮುಳ್ಳನ್ನು ನಾಲ್ಕು ಹತ್ತಕ್ಕೆ ತಿರುಗಿಸಿ, ಬಾಗಿಲು ಮುಚ್ಚಿ, ಸೆರಗು ಸರಿಮಾಡಿಕೊಂಡು ಗೇಟಿಗೆ ನಡೆದಳು.

ಐದು ಗಂಟೆಯ ತಂಡದವರು ಮೌನವನ್ನು ಮನಸಾರೆ ಆಲಿಸಿದರು. ಇಬ್ಬರು ಮೂಗು ಒರೆಸಿಕೊಂಡರು. ಮೇಲ್ವಿಚಾರಕಿ ಖಾಯಂ ಎಂಬಂತೆ ತಲೆಯಾಡಿಸಿದರು. ಅಷ್ಟರಲ್ಲಿ ಕೋಲೂರಿಕೊಂಡು ನಿಂತಿದ್ದ ಹಿರಿಯರೊಬ್ಬರು ಕೇಳಿದರು:

"ಅಲ್ಲಮ್ಮಾ, ಇಷ್ಟು ವರ್ಷದಲ್ಲಿ ಒಬ್ಬರಾದರೂ ಇದನ್ನ ರಿಪೇರಿ ಮಾಡಲಿಲ್ವಾ?"

ಮೇಲ್ವಿಚಾರಕಿಯ ಮುಖ ಬಿಳುಚಿತು. ಹೆಂಡತಿ ಮಾತ್ರ ತಂಡದ ತಲೆಗಳ ಮೇಲಿಂದ ಮೂಲೆಯಲ್ಲಿದ್ದ ಗಂಡನನ್ನು ನೋಡಿ, ತುಂಬು ಅಭಿಮಾನದಿಂದ ಹೇಳಿದಳು:

"ಒಬ್ಬರು ಮಾಡಿದ್ದಾರೆ ಸರ್. ಅದಕ್ಕೇ ಇನ್ನು ಯಾವ ಕಾಲಕ್ಕೂ ಇದು ಓಡಲ್ಲ!"